ಕಾದಂಬರಿಯ ಗುಣದೋಷಗಳು

ಹದಿಹರೆಯದವರು ಈಗ ಆಸೆಯಿಂದ ಓದುವ ಅದ್ಭುತ ಪ್ರಣಯಕಥೆಗಳನ್ನು ಕಂಡು ನಂಜನಗೂಡಿನ ನಮ್ಮ ಬೀದಿಯ ಹಿರಿಯರು ಮೂಗು ಮುರಿಯುವುದುಂಟು. ಶಾಪ, ಜನ್ಮಾಂತರ, ಪ್ರಥಮದರ್ಶನದ ಮೋಹ ಇವೆಲ್ಲವೂ ಪಶ್ಚಿಮದಿಂದ ಬಂದ ವ್ಯಸನವೆಂದು ಅವರ ಮತ. ಆದರೆ ಇಂತಹ ಕಥೆಯೊಂದರ ನಾಯಿಕೆಯ ಹೆಸರೇ ಕನ್ನಡದಲ್ಲಿ ಈ ಸಾಹಿತ್ಯಪ್ರಕಾರಕ್ಕೆ ಹೆಸರಾಗಿ ನಿಂತಿರುವುದನ್ನು ವಾಚಕರು ಬಲ್ಲರು. ಏಳನೆಯ ಶತಮಾನದಲ್ಲಿ ಬಾಣಭಟ್ಟನು ಅಪೂರ್ಣವಾಗಿ ಬಿಟ್ಟ 'ಕಾದಂಬರಿ'ಯನ್ನು ಅವನ ಮಗನು ಪೂರ್ತಿಮಾಡಿದನು. ನರಸೀಪುರದ ಸಮೀಪದ ತಲಕಾಡು ಗಂಗರ ರಾಜಧಾನಿಯಾಗಿದ್ದ ಕೊನೆಗಾಲದಲ್ಲಿ, ಸುಮಾರು 990ರಲ್ಲಿ, ನಾಗವರ್ಮನು ಅದನ್ನು ಕನ್ನಡ ಚಂಪುವಾಗಿ ರಚಿಸಿದನು. ಅದೇ 'ಕರ್ಣಾಟಕ ಕಾದಂಬರಿ'.

ಮೂಲವನ್ನು ನಾನು ಪಾಠಶಾಲೆಯಲ್ಲಿ ಗುರುಮುಖದಿಂದ ಓದಿದೆನು. ಕನ್ನಡವನ್ನು ನರಸೀಪುರದಲ್ಲಿ ಉಪಾಧ್ಯಾಯನಾಗಿದ್ದಾಗ ಓದಿದೆನು. ಬಾಣನ ಒಂದು ವಾಕ್ಯದ ಕ್ರಿಯಾಪದವನ್ನು ಹುಡುಕುತ್ತ ಪುಟ ತಿರುವಬೇಕಾಗುವುದು. ನಾಗವರ್ಮನು ವರ್ಣನೆಯ ಕಾಡನ್ನು ಸವರಿ ಕಥೆಗೆ ದಾರಿ ಮಾಡಿಕೊಟ್ಟನು. ಇದು ಕನ್ನಡ ಕೃತಿಯ ಮೊದಲನೆಯ ಗುಣ. ಎಳೆಯರ ಪ್ರೀತಿಯನ್ನು ಹುಡುಗಾಟವೆಂದು ತಳ್ಳಿಹಾಕದಿರುವುದು ಎರಡನೆಯದು. ಪುಂಡರೀಕನು ವಿರಹದಿಂದ ಮಡಿದ ಮೇಲೆ ಮಹಾಶ್ವೇತೆಯು ಅಚ್ಛೋದ ಸರಸ್ಸಿನ ತೀರದಲ್ಲಿ ತಪಸ್ವಿನಿಯಾಗಿ ಕಾದಿರುತ್ತಾಳೆ. ಚಂದ್ರಾಪೀಡನ ನಿರ್ಜೀವ ದೇಹವನ್ನು ಕಾದಂಬರಿಯು ಕಾಯುತ್ತಾಳೆ. ತರುಣ ಹೃದಯದ ಸ್ಥೈರ್ಯಕ್ಕೆ ಕವಿಯು ಕೊಟ್ಟ ಗೌರವವಿದು.

ದೋಷಗಳೂ ಇವೆ. ಗಿಳಿಯು ಹೇಳುವ ಕಥೆಯೊಳಗೆ ಜಾಬಾಲಿಮುನಿಯ ಕಥೆ, ಅದರೊಳಗೆ ಮಹಾಶ್ವೇತೆಯ ಕಥೆ. ಓದುಗನಿಗೆ ದಿಕ್ಕು ತಪ್ಪುವುದು. ಮನುಷ್ಯರು ನಿರ್ಧರಿಸಬೇಕಾದುದನ್ನು ಶಾಪಗಳೇ ನಿರ್ಧರಿಸಿಬಿಡುವುವು. ಇವೆಲ್ಲಕ್ಕಿಂತ ಹಿರಿದಾದ ದೋಷವನ್ನು ನನಗೆ ತೋರಿಸಿದವಳು ನನ್ನ ಮೊಮ್ಮಗಳು.

ಮಂತ್ರಿಪುತ್ರನಾದ ವೈಶಂಪಾಯನನು ಮಹಾಶ್ವೇತೆಯನ್ನು ಕಂಡು, ಅವಳು ಬೇಡವೆಂದರೂ ಬಿಡದೆ ಪ್ರಣಯವನ್ನು ಯಾಚಿಸುತ್ತಾನೆ. ಅವಳು ಅವನನ್ನು ಗಿಳಿಯಾಗೆಂದು ಶಪಿಸುತ್ತಾಳೆ. ಅವನೇ ಪುನರ್ಜನ್ಮವೆತ್ತಿದ ಪುಂಡರೀಕನೆಂಬುದು ಬಳಿಕ ತಿಳಿಯುತ್ತದೆ. ಇದನ್ನು ಕರುಣರಸದ ಪರಾಕಾಷ್ಠೆಯೆಂದು ನಾನು ವಿವರಿಸಿದಾಗ ಹುಡುಗಿಯು, "ಹಿಂದಿನ ಜನ್ಮದ ಗಂಡನಾದರೇನು ತಾತ? ಅವಳು ಬೇಡ ಅಂದಮೇಲೆ ಬೇಡ ತಾನೆ?" ಎಂದಳು. ಅವಳು ಓದುವ ಇಂಗ್ಲಿಷ್ ಕಥೆಗಳಲ್ಲಿಯೂ ಒಲ್ಲೆನೆಂದವಳನ್ನು ಬೆನ್ನಟ್ಟುವ ನಾಯಕನೇ ಕಡೆಗೆ ವಿಧಿ ಬರೆದ ವರನಾಗುವನಂತೆ. ಹೆಣ್ಣಿನ ನಿರಾಕರಣೆಯನ್ನು ಅಜ್ಞಾನವನ್ನಾಗಿ ಮಾಡುವ ಈ ಕಥಾಸಂವಿಧಾನವು ಸಾವಿರ ವರ್ಷಗಳಿಂದ ಉಳಿದುಬಂದಿದೆ. ಹೆಣ್ಣುಮಕ್ಕಳಿರುವ ಮನೆಯಲ್ಲಿ ಇದು ಕೇವಲ ಅಲಂಕಾರಶಾಸ್ತ್ರದ ಪ್ರಶ್ನೆಯಾಗಿ ಉಳಿಯದು. ಗಂಡುಮಕ್ಕಳಿರುವ ಮನೆಯಲ್ಲಂತೂ ಅದನ್ನು ಮೊದಲು ಕೇಳಬೇಕು.

ಹಾಗೆಂದು ಪುಸ್ತಕವನ್ನು ಕಸಿದುಕೊಳ್ಳುವುದು ಉಚಿತವಲ್ಲ. ಕಸಿದುಕೊಂಡಿದ್ದರೆ ಆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಯೌವನದ ಅಪಾಯಗಳನ್ನು ಕುರಿತು ಶುಕನಾಸನು ರಾಜಕುಮಾರನಿಗೆ ಮಾಡಿದ ಉಪದೇಶವು ಇಂದಿಗೂ ಪಾಠಶಾಲೆಗಳಲ್ಲಿ ಪಠ್ಯವಾಗಿದೆ. ಅಂತಹ ಉಪದೇಶಕನ ಸ್ವಂತ ಮಗನೇ ಈ ವೈಶಂಪಾಯನ! ಆದುದರಿಂದ ಹಿರಿಯರು ಉಪದೇಶವನ್ನು ಸ್ವಲ್ಪ ಕಡಿಮೆಮಾಡಿ, ಮಕ್ಕಳು ಓದುವುದನ್ನು ಅವರೊಡನೆ ಕುಳಿತು ಓದುವುದು ಲೇಸು.