ಸದ್ದಿಲ್ಲದ ಟಿಪ್ಪಣಿ

ಶಿವಾನುಭವಗೋಷ್ಠಿಯಲ್ಲಾಗಲಿ ಕಾಲೇಜಿನ ಪಾಠದಲ್ಲಾಗಲಿ, ಉಪನ್ಯಾಸದ ನಡುವೆ ಲ್ಯಾಪ್‌ಟಾಪ್ ತೆರೆದು ಕುಳಿತವನನ್ನು ಕಂಡರೆ ತಮಗೆ ಅಸಮಾಧಾನವಾಗುವುದು ಸಹಜ. ಒಂದು ಸಭೆಯಲ್ಲಿ ವ್ಯವಸ್ಥಾಪಕರು ಬಳಿಗೆ ಬಂದು, ಅದನ್ನು ಮುಚ್ಚಿಡಿರೆಂದು ನನಗೆ ಹೇಳಿದ್ದುಂಟು. ಆದರೆ ಬೆರಳುಗಳ ಗಂಟುನೋವಿನಿಂದ ಲೇಖನಿಯನ್ನು ಹತ್ತು ನಿಮಿಷವೂ ಹಿಡಿಯಲಾರೆ. ಕೇಳಿದ್ದು ಮನೆ ಸೇರುವಷ್ಟರಲ್ಲಿ ಮರೆಯುವ ವಯಸ್ಸು. ಆ ಯಂತ್ರವನ್ನು ಹೊರಗಿಡುವುದೆಂದರೆ ಅರ್ಧದಷ್ಟು ನನ್ನನ್ನೇ ಹೊರಗಿಟ್ಟಂತೆ.

ಆದುದರಿಂದ ಸದ್ದಿನ ವಿಚಾರವನ್ನು ತುಸು ಶ್ರದ್ಧೆಯಿಂದಲೇ ಪರಿಶೀಲಿಸಿದ್ದೇನೆ. ಹಳೆಯ ಬೆರಳಚ್ಚು ಯಂತ್ರದಲ್ಲಿ ಅಚ್ಚುಮೊಳೆಯು ರಿಬ್ಬನ್ನಿಗೆ ಬಡಿದು ಕಾಗದಕ್ಕೆ ಮಸಿ ತಾಗಬೇಕಿತ್ತು, ಬಲವೇ ಬೇಕಿತ್ತು. ಆ ಅಭ್ಯಾಸವುಳ್ಳ ನನ್ನ ತಲೆಮಾರಿನವರು ಇಂದಿಗೂ ಕುಟ್ಟುತ್ತಾರೆ. ಲ್ಯಾಪ್‌ಟಾಪಿನ ಕೀಲಿ ಇಳಿಯುವುದು ಒಂದೆರಡು ಮಿಲಿಮೀಟರ್ ಮಾತ್ರ. ಬೆರಳನ್ನು ಮೇಲಿನಿಂದ ಬೀಳಿಸದೆ, ಕೀಲಿಯ ಮೇಲಿಟ್ಟೇ ಮೆಲ್ಲಗೆ ಒತ್ತಿದರೆ ತಳಕ್ಕೆ ಬಡಿಯುವ ಸದ್ದು ಬಹುಮಟ್ಟಿಗೆ ಅಡಗುತ್ತದೆ. ಬರಿಯ ಮೇಜು ಸದ್ದನ್ನು ಹೆಚ್ಚಿಸುವುದರಿಂದ ಯಂತ್ರದ ಕೆಳಗೆ ತೆಳ್ಳನೆಯ ರಬ್ಬರ್ ಹಾಸು ಹಾಕುತ್ತೇನೆ. ಗಾಳಿಯ ಕಿಂಡಿ ಮಾತ್ರ ಮುಚ್ಚಬಾರದು.

ಕಿವಿಗೆ ಕೇಳಿಸದಿದ್ದ ಮಾತ್ರಕ್ಕೆ ಉಪದ್ರವ ತಪ್ಪಿತೆನ್ನಲಾಗದು. ಕೆನಡಾದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಾಠದ ನಡುವೆ ಲ್ಯಾಪ್‌ಟಾಪಿನಲ್ಲಿ ಬೇರೆ ಕೆಲಸ ಮಾಡಿದವರಷ್ಟೇ ಅಲ್ಲ, ಅವರ ಪರದೆ ಕಣ್ಣಿಗೆ ಬೀಳುವಂತೆ ಕುಳಿತವರೂ ಪರೀಕ್ಷೆಯಲ್ಲಿ ಹಿಂದೆ ಬಿದ್ದರು. ಅಂತೆಯೇ ನಾನು ಕೊನೆಯ ಸಾಲಿನಲ್ಲಿ ಗೋಡೆಗೆ ಬೆನ್ನುಕೊಟ್ಟು, ಪರದೆಯ ಬೆಳಕು ತಗ್ಗಿಸಿ, ಅಂತರ್ಜಾಲದ ಸಂಪರ್ಕ ಕಡಿದು ಕೂರುತ್ತೇನೆ.

ಟೈಪ್ ಮಾಡುವವರು ಮಾತನ್ನು ಯಥಾವತ್ತಾಗಿ ಇಳಿಸುತ್ತಾ ಅರ್ಥವನ್ನು ಕೈಬಿಡುತ್ತಾರೆಂದು ಅಮೆರಿಕದ ಮ್ಯೂಲರ್ ಮತ್ತು ಒಪೆನ್‌ಹೈಮರ್ 2014ರಲ್ಲಿ ಬರೆದರು. 2019 ಮತ್ತು 2021ರಲ್ಲಿ ಪ್ರಕಟವಾದ ಮರುಪ್ರಯೋಗಗಳಲ್ಲಿ ಆ ಅಂತರ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಕನ್ನಡದಲ್ಲಂತೂ ಯಥಾವತ್ತಿನ ಆಸೆಯೇ ವ್ಯರ್ಥ: ‘ನುಡಿ’ಯ ಕೀಲಿಮಣೆಯಲ್ಲಿ ‘ಸ್ತ್ರೀ’ ಎಂದು ಮೂಡಿಸಲು ಶಿಫ್ಟ್ ಸೇರಿ ಏಳು ಬಾರಿ ಒತ್ತಬೇಕು. ಅಷ್ಟರಲ್ಲಿ ಉಪನ್ಯಾಸಕರು ಮುಂದಿನ ವಾಕ್ಯದಲ್ಲಿರುತ್ತಾರೆ! ಬೇಕಾದುದನ್ನು ಆರಿಸಿಕೊಳ್ಳಲೇಬೇಕು, ಆರಿಸಬೇಕಾದರೆ ಕೇಳಲೇಬೇಕು. ವಚನ ಬಂದಾಗ ಕೈಯನ್ನೇ ತೆಗೆದುಬಿಡುತ್ತೇನೆ. ಮೊದಲೆರಡು ಪದ, ಅಂಕಿತ, ಇಷ್ಟನ್ನು ಆಮೇಲೆ ಗುರುತಿಸಿಕೊಂಡರೆ ಪೂರ್ಣಪಾಠವನ್ನು ಮನೆಯಲ್ಲಿ ವಚನ ಸಂಪುಟಗಳಿಂದ ಹುಡುಕಿಕೊಳ್ಳಬಹುದು.

ಮುಂದಿನ ಗೋಷ್ಠಿಯಲ್ಲಿ ಕೊನೆಯ ಸಾಲಿನ ಮಂದಬೆಳಕಿನಲ್ಲಿ ಯಾರಾದರೂ ಹೀಗೆ ಕುಳಿತಿದ್ದರೆ, ಸದ್ದು ಕೇಳಿಸಿದಲ್ಲಿ ದಯಮಾಡಿ ಹೇಳಿರಿ. ಕೇಳಿಸದಿದ್ದಲ್ಲಿ ಇರಗೊಡಿರಿ.