ತಂತಿಗಳ್ಳರು

ಲಕ್ಷ್ಮೇಶ್ವರದ ಸಮೀಪದ ಅಡರಕಟ್ಟಿಯಂಥ ಊರಿನಲ್ಲಿ ಹೊಸ ಮನುಷ್ಯನೊಬ್ಬನು ಕಾಲಿರಿಸಿದನೆಂದರೆ, ಅವನು ಕಟ್ಟೆಯನ್ನು ಮುಟ್ಟುವ ಮೊದಲೇ ಅವನ ವಿಚಾರಣೆಯು ಆರಂಭವಾಗುವದು. “ಯಾವೂರ್ರಿ? ಯಾರ ಪೈಕಿ? ಯಾರ ಮನಿಗೆ ಬಂದೀರಿ?” ಈ ಮೂರು ಪ್ರಶ್ನೆಗಳಿಗೆ ಸಮಾಧಾನಕರವಾದ ಉತ್ತರ ದೊರೆತರೆ ಒಂದು ತಂಬಿಗೆ ನೀರೂ ಒಂದು ತುಣುಕು ಬೆಲ್ಲವೂ ಬರುವವು. ದೊರೆಯದಿದ್ದರೂ ನೀರಿಗೆ ಕೊರತೆಯಿಲ್ಲ. ಆದರೆ ಕಟ್ಟೆಯ ಮೇಲಿನ ಕಣ್ಣುಗಳು ಅವನ ಗಂಟಿನ ಮೇಲೆಯೇ ನಟ್ಟಿರುವವು. ಗುರುತಿನವನಲ್ಲಿ ಭಯವಿಲ್ಲ, ಗುರುತಿಲ್ಲದವನಲ್ಲಿ ಭಯವುಂಟು—ಇದು ಹಳ್ಳಿಯ ನ್ಯಾಯ. ಬಹುಮಟ್ಟಿಗೆ ಒಳ್ಳೆಯ ನ್ಯಾಯವೇ ಸರಿ. ಆದರೆ ಈ ನ್ಯಾಯವನ್ನೇ ತಮ್ಮ ಬಂಡವಾಳ ಮಾಡಿಕೊಂಡು ಬದುಕಿದವರು ಒಂದು ಕಾಲಕ್ಕೆ ಇದೇ ಕನ್ನಡನಾಡಿನ ಹಾದಿಗಳಲ್ಲಿ ತಿರುಗಾಡುತ್ತಿದ್ದರು.

ಉತ್ತರದವರು ಅವರನ್ನು ಠಗರೆಂದರು. ದಕ್ಷಿಣದಲ್ಲಿ ಫಾಸಿಗಾರರೆಂಬ ಹೆಸರು ನಡೆಯುತ್ತಿತ್ತು. ಕನ್ನಡಿಗರು ಇಟ್ಟ ಹೆಸರು ‘ತಂತಿಗಳ್ಳರು’. ತಂತಿಯ ಉರುಲಿನಿಂದ ಕೊರಳನ್ನು ಬಿಗಿಯುವವರೆಂದು ಅರ್ಥ. ಈ ಹೆಸರು ಮದ್ರಾಸಿನಲ್ಲಿದ್ದ ಡಾಕ್ಟರ್ ಶೆರ್‌ವುಡ್ ಎಂಬ ವೈದ್ಯನು 1816ರಲ್ಲಿ ಬರೆದ ಲೇಖನದಲ್ಲಿ ಉಳಿದುಬಂದಿದೆ. ಶ್ರೀರಂಗಪಟ್ಟಣವು ಬಿದ್ದ 1799ರಲ್ಲಿ ಬೆಂಗಳೂರಿನ ಸುತ್ತಮುತ್ತ ಇಂಥ ನೂರು ಜನರು ಸಿಕ್ಕಿಬಿದ್ದರೆಂದೂ, ಅವರು ಎಂಥವರೆಂಬುದು ಹಿಡಿದವರಿಗೆ ಆಗ ಹೊಳೆಯಲಿಲ್ಲವೆಂದೂ ಅಲ್ಲಿಯೇ ತಿಳಿದುಬರುತ್ತದೆ.

ಹೊಳೆಯುವದಾದರೂ ಹೇಗೆ? ಕಳ್ಳನೆಂದರೆ ಕತ್ತಲೆಯಲ್ಲಿ ಬರುವವನು, ಮುಖಕ್ಕೆ ಮಸಿ ಬಳಿದುಕೊಂಡವನು. ಈತನಾದರೋ ಹಗಲಿನಲ್ಲಿಯೇ, ನಡುರಸ್ತೆಯಲ್ಲಿ, ಕೈಮುಗಿದು ಬರುತ್ತಿದ್ದನು. “ಹಾದಿಯಲ್ಲಿ ಕಳ್ಳರ ಕಾಟ ಬಹಳ, ಕೂಡಿ ಹೋಗೋಣ” ಎಂಬುದೇ ಅವನ ಮೊದಲಿನ ಮಾತು. ಒಬ್ಬನೇ ನಡೆಯುತ್ತಿದ್ದ ವ್ಯಾಪಾರಿಗೆ, ರಜೆಯ ಮೇಲೆ ಊರಿಗೆ ಹೊರಟ ಸಿಪಾಯಿಗೆ, ಇದಕ್ಕಿಂತ ಸವಿಯಾದ ಮಾತು ಮತ್ತಾವುದು? ಮೋಸಹೋದವನು ಮೈಮರೆತವನೆಂದು ತಿಳಿಯುವದು ತಪ್ಪು, ಅವನು ಅಂಜಿದವನು. ಅಂಜಿಕೆಯೇ ಅವನನ್ನು ಕೊಲೆಗಾರನ ಪಕ್ಕದಲ್ಲಿ ಕೂಡಿಸಿತು. ದಿನಗಟ್ಟಲೆ ಜೊತೆಯಲ್ಲಿ ನಡೆದು, ಒಂದೇ ಮರದ ನೆರಳಿನಲ್ಲಿ ಉಂಡು, ಮನೆಯ ಮಕ್ಕಳ ಸುದ್ದಿಯನ್ನು ಹೇಳಿಕೊಂಡು, ಕೊನೆಗೊಂದು ಸಂಜೆ ಎಲ್ಲರೂ ವಿಶ್ರಮಿಸಿಕೊಂಡಿರುವಾಗ ಮುಖ್ಯಸ್ಥನು “ತಮಾಖು ತಾ” ಎನ್ನುವನು. ಅದೇ ಸಂಜ್ಞೆ. ಎಂಥ ಮನೆಯ ಮಾತದು! ದಿನಕ್ಕೆ ಹತ್ತು ಸಲ ಎಲ್ಲರ ಬಾಯಿಂದಲೂ ಬರುವ ಮಾತು.

ಇವರ ವಿಷಯವಾಗಿ ಅತ್ಯಂತ ಪ್ರಸಿದ್ಧವಾದ ಕಾದಂಬರಿಯನ್ನು 1839ರಲ್ಲಿ ಪ್ರಕಟಿಸಿದವನು ಮೆಡೋಸ್ ಟೇಲರನು. ಮುಂದೆ ಬಾಲಕನಾದ ವೆಂಕಟಪ್ಪನಾಯಕನ ಪಾಲಕನಾಗಿ ಸುರಪುರದಲ್ಲಿ ಬಹುವರ್ಷ ಇದ್ದವನು. ಅಮೀರ ಅಲಿಯ ಆತ್ಮಕಥೆಯಂತೆ ಹೆಣೆದ ಆ ಗ್ರಂಥದಲ್ಲಿ ಕಥೆಗಿಂತ ಅದರ ಪೀಠಿಕೆಯೇ ಹೆಚ್ಚು ನಡುಕ ಹುಟ್ಟಿಸುವಂತಿದೆ. ಹಿಂಗೋಲಿಯ ದಂಡಿನ ಠಾಣೆಯಲ್ಲಿ ಹರಿಸಿಂಗನೆಂಬ ಮರ್ಯಾದಸ್ಥನಾದ ವ್ಯಾಪಾರಿಯಿದ್ದನು. ಟೇಲರನಿಗೂ ಅವನೊಡನೆ ವ್ಯವಹಾರವುಂಟು. ಮುಂಬಯಿಯಿಂದ ಅರಿವೆಯ ಮಾಲನ್ನು ತರಿಸಬೇಕಾಗಿದೆಯೆಂದು ಆತನು ಒಂದು ದಿನ ಅಧಿಕಾರಿಯಿಂದ ರಹದಾರಿ ಪತ್ರವನ್ನು ಪಡೆದುಕೊಂಡನು. ಆ ಮಾಲಾದರೋ ಬೇರೊಬ್ಬ ವರ್ತಕನದು, ಅದಾಗಲೇ ಹಾದಿಯಲ್ಲಿತ್ತು. ಹರಿಸಿಂಗನು ಆ ವರ್ತಕನನ್ನೂ ಅವನ ಆಳುಗಳನ್ನೂ ಎತ್ತಿನವರನ್ನೂ ಕೊಲ್ಲಿಸಿ, ಅದೇ ಪತ್ರವನ್ನು ತೋರಿಸಿ ಮಾಲನ್ನು ತಂದು, ಠಾಣೆಯಲ್ಲಿ ಬಹಿರಂಗವಾಗಿ ಮಾರಿದನು! ಆ ಅರಿವೆಯನ್ನು ಕೊಂಡು ಉಟ್ಟವರೆಷ್ಟು ಜನರೋ. ಮುಂದೆ ಸೆರೆಸಿಕ್ಕು ತಾನಾಗಿಯೇ ಒಪ್ಪಿಕೊಳ್ಳದಿದ್ದರೆ ಇದು ಹೊರಬೀಳುತ್ತಲೇ ಇರಲಿಲ್ಲ.

ಸ್ಲೀಮನ್ ಸಾಹೇಬನಿಗಾದ ನಾಚಿಕೆಯೂ ಇಂಥದೇ. 1822ರಿಂದ 1824ರವರೆಗೆ ಅವನು ನರಸಿಂಗಪುರ ಜಿಲ್ಲೆಯ ಅಧಿಕಾರಿಯಾಗಿದ್ದನು. ಜಿಲ್ಲೆಯಲ್ಲಿ ಯಾವ ಕಳವೂ ತನಗೆ ತಿಳಿಯದೆ ನಡೆಯದೆಂದು ಅವನ ನಂಬಿಗೆ. ತನ್ನ ಕಚೇರಿಯಿಂದ ನಾನೂರು ಗಜದೊಳಗಿನ ಕಂದೇಲಿಯಲ್ಲಿ ಠಗರ ತಂಡವೊಂದು ಸಂಸಾರಸಮೇತ ವಾಸಿಸಿದ್ದಿತೆಂಬುದು ಅವನಿಗೆ ತಿಳಿದದ್ದು ಕೆಲವು ವರ್ಷಗಳ ಮೇಲೆ. ಊರಿನಲ್ಲಿ ಅವರಿಗೆ ಹೊಲವಿದ್ದಿತು, ನೆರೆಯವರ ನಂಬಿಗೆ ಇದ್ದಿತು. ಕೊಲೆ ದೂರದ ಹಾದಿಯಲ್ಲಿ, ಮನೆಯಲ್ಲಿ ಒಕ್ಕಲುತನ.

ಈ ವೃತ್ತಾಂತಗಳಲ್ಲಿ ಬಹಳಷ್ಟು ಕ್ಷಮಾದಾನದ ಆಸೆಯಿಂದ ಮಾಫಿಯ ಸಾಕ್ಷಿಗಳಾದವರ ಬಾಯಿಂದ ಬಂದುದೆಂಬುದನ್ನು ಮರೆಯಬಾರದು. ಕೊಂದವರ ಸಂಖ್ಯೆ, ಕಾಳಿಯ ಆರಾಧನೆ, ದೇಶವ್ಯಾಪಿಯಾದ ಗುಪ್ತಸಂಘ—ಇವೆಲ್ಲವೂ ಅಧಿಕಾರಿಗಳ ಲೇಖನಿಯಲ್ಲಿ ಎಷ್ಟು ಬೆಳೆದವೆಂಬ ಬಗ್ಗೆ ಇಂದಿನ ಇತಿಹಾಸಕಾರರು ವಾದಿಸುತ್ತಲೇ ಇದ್ದಾರೆ. 1836ರ ಕಾಯಿದೆಯ ಪ್ರಕಾರ, ಠಗರ ತಂಡಕ್ಕೆ ಸೇರಿದವನೆಂದು ಸಿದ್ಧವಾದರೆ ಸಾಕು, ಜನ್ಮಾವಧಿ ಶಿಕ್ಷೆ. ಇಂಥದೇ ಕೊಲೆ ಮಾಡಿದನೆಂದು ತೋರಿಸಬೇಕಾಗಿರಲಿಲ್ಲ.

ಆ ಬೀಜದಿಂದ ಮುಂದೊಂದು ವಿಪರೀತ ಬೆಳೆ ಬಂದಿತು. ಗುಪ್ತ ಕೊಲೆಗಾರನ ಅಂಜಿಕೆ ಸರಕಾರದ ಮನಸ್ಸಿನಲ್ಲಿ ಬೇರೂರಿ, 1871ರಲ್ಲಿ ಅಪರಾಧಿ ಜಾತಿಗಳ ಕಾಯಿದೆ ಹುಟ್ಟಿತು. 1911ರಲ್ಲಿ ಅದರ ಹರವು ಹಿಗ್ಗಿ ಮುಂಬಯಿ ಇಲಾಖೆಗೂ ಬಂದಿತು. ಹುಬ್ಬಳ್ಳಿಯಲ್ಲಿಯೂ ಗದಗ-ಬೆಟಗೇರಿಯಲ್ಲಿಯೂ ಸೆಟ್ಲಮೆಂಟುಗಳಾದವು. ಹಾಜರಿ ಕೊಡಬೇಕು, ಹೊರಗೆ ಹೋಗಬೇಕಾದರೆ ಪಾಸು ಬೇಕು. ಹುಟ್ಟಿದ ಕೂಸೂ ಅಪರಾಧಿಯ ಕುಲದ್ದೇ. ಹರಿಸಿಂಗನು ಹಿಡಿಯಲು ಸಿಗಲಿಲ್ಲವೇಕೆ? ಅವನಿಗೆ ಅಂಗಡಿಯಿದ್ದಿತು, ಗಿರಾಕಿಗಳಿದ್ದರು, ಸಾಹೇಬನ ಸಹಿಯಿದ್ದ ಕಾಗದವಿದ್ದಿತು. ಬೇಲಿಯೊಳಗೆ ಸೇರಿದವರು ಯಾರು? ಗುಡಾರ ಹೂಡಿಕೊಂಡು ಕತ್ತೆಯ ಮೇಲೆ ಸಾಮಾನು ಹೇರಿಕೊಂಡು ಎಲ್ಲರ ಕಣ್ಣಿಗೆ ಬೀಳುವಂತೆ ನಡೆದವರು. ಅಡಗಿದವನನ್ನು ಹುಡುಕಹೊರಟು ಬಯಲಿನಲ್ಲಿದ್ದವನನ್ನು ಕಟ್ಟಿಹಾಕಿದಂತಾಯಿತು. ಆ ಕಾಯಿದೆ ರದ್ದಾದುದು 1952ರಲ್ಲಿ. ಬೆಟಗೇರಿಯಲ್ಲಿ ‘ಸೆಟ್ಲಮೆಂಟು’ ಎಂಬ ಹೆಸರು ಅದರೊಡನೆ ಹೋಗಲಿಲ್ಲ.

ಅಡರಕಟ್ಟಿಯ ಕಟ್ಟೆಗೆ ಈ ಚರಿತ್ರೆಯ ಗೊಡವೆಯಿಲ್ಲ. ಅಲ್ಲಿಗೆ ಸೂಜಿ-ದಬ್ಬಣ ಮಾರುವವಳು ಬಂದರೆ ಇಂದಿಗೂ ಮಕ್ಕಳನ್ನು ಒಳಗೆ ಕರೆಯುವವರುಂಟು. ಬಿಳಿಯ ಅಂಗಿಯ ಅಪರಿಚಿತನೊಬ್ಬನು ಒಂದು ಅಚ್ಚಿನ ಕಾಗದವನ್ನು ಕೈಯಲ್ಲಿ ಹಿಡಿದು, ಊರ ಹಿರಿಯರೊಬ್ಬರ ಹೆಸರೆತ್ತಿ ನಗುತ್ತ ಬಂದರೆ, ಕಂಬಳಿ ಹಾಸಿ, ಒಳಗಿನಿಂದ ಬೆಲ್ಲವನ್ನು ತರಿಸುವರು.