ಇಬ್ಬರು ಶಿಷ್ಯರ ಗೃಹಪಾಠ

ಶಾಲೆಯಲ್ಲಿ ಕಲಿತುದು ಎಷ್ಟರಮಟ್ಟಿಗೆ ಮೈಗೂಡಿತೆಂಬುದು ಶಾಲೆಯಲ್ಲಿ ತಿಳಿಯುವುದಿಲ್ಲ. ಮನೆಗೆ ಹೋದ ಮೇಲೆ ತಿಳಿಯುತ್ತದೆ. ಉಪಾಧ್ಯಾಯನ ಕಣ್ಣೆದುರಿಗೆ ತಪ್ಪಿಲ್ಲದೆ ಒಪ್ಪಿಸಿದ ಪಾಠವು ಬೆತ್ತದ ಭಯದಿಂದ ಬಂದುದಾಗಿರಬಹುದು. ಪಕ್ಕದವನ ಹಲಗೆಯಿಂದ ಬಂದುದೂ ಆಗಿರಬಹುದು. ಯಾರೂ ನೋಡದ ಕೋಣೆಯಲ್ಲಿ ತಾನಾಗಿ ಕುಳಿತು ಮಾಡಿದ ಅಭ್ಯಾಸವೇ ವಿದ್ಯಾರ್ಥಿಯ ಸ್ವಂತ ಸೊತ್ತು. ಅದಕ್ಕೆ ಗೃಹಪಾಠವೆಂದು ಹೆಸರು. ಈ ಹೆಸರನ್ನೇ ಫ್ರಾನ್ಸ್ ದೇಶದ ಇಬ್ಬರು ತರುಣರು, ಶಾಲೆಗೂ ಅದಕ್ಕೂ ಎಲ್ಲಿಂದೆಲ್ಲಿಯ ನಂಟು ಎನ್ನಿಸುವಂತಹ ಒಂದು ವಸ್ತುವಿಗೆ ಇಟ್ಟರು. ಅದು ಕುಣಿತಕ್ಕಾಗಿ ರಚಿತವಾದ ಸಂಗೀತದ ಧ್ವನಿಮುದ್ರಿಕೆ. 1997ನೆಯ ಇಸವಿಯ ಜನವರಿಯಲ್ಲಿ ಹೊರಬಂದ ಆ 'ಹೋಮ್‌ವರ್ಕ್' ಅವರ ಪ್ರಥಮ ಸಂಪುಟ. ನಾಲ್ಕು ವರ್ಷ ತುಂಬುವಷ್ಟರಲ್ಲಿ ಅದರ ಇಪ್ಪತ್ತು ಲಕ್ಷಕ್ಕೂ ಮಿಕ್ಕ ಪ್ರತಿಗಳು ಲೋಕದಲ್ಲಿ ಮಾರಾಟವಾದುವು.

ಆ ಇಬ್ಬರಲ್ಲಿ ಒಬ್ಬನು ತೊಮಾ ಬಂಗಾಲ್ಟೆರ್. ಮತ್ತೊಬ್ಬನು ಗೀ-ಮಾನ್ಯುಯೆಲ್ ದ ಒಮೆಂ-ಕ್ರಿಸ್ಟೊ. 1987ರಲ್ಲಿ ಪ್ಯಾರಿಸ್ಸಿನ ಲಿಸೆ ಕಾರ್ನೊ ಎಂಬ ಪಾಠಶಾಲೆಯಲ್ಲಿ ಅವರ ಸ್ನೇಹ ಮೊದಲಾಯಿತು. ಆಗ ಒಬ್ಬನಿಗೆ 12 ವರ್ಷ, ಇನ್ನೊಬ್ಬನಿಗೆ 13. ಪ್ರಾಯಕ್ಕೆ ಬಂದ ಮೇಲೆ, 1992ರಲ್ಲಿ, ಲೊರಾಂ ಬ್ರಾಂಕೊವಿಟ್ಸ್ ಎಂಬ ಮೂರನೆಯವನನ್ನು ಕೂಡಿಕೊಂಡು 'ಡಾರ್ಲಿನ್' ಎಂಬ ರಾಕ್ ಗೋಷ್ಠಿಯನ್ನು ಕಟ್ಟಿದರು. ಅಮೆರಿಕದ ಬೀಚ್ ಬಾಯ್ಸ್ ಗೋಷ್ಠಿಯ ಒಂದು ಹಾಡಿನ ಹೆಸರದು. ಇವರ ವಾದನವನ್ನು ಕೇಳಿದ ಇಂಗ್ಲೆಂಡಿನ 'ಮೆಲೊಡಿ ಮೇಕರ್' ಪತ್ರಿಕೆಯ ವಿಮರ್ಶಕನು, ಪೆದ್ದುತನವನ್ನು ಸೂಚಿಸುವ 'ಡಾಫ್ಟ್' ಎಂಬ ಶಬ್ದವನ್ನೂ, ಪಂಕ್ ಎಂಬ ಒರಟು ಸಂಗೀತದ ಹೆಸರನ್ನೂ ಜೊತೆಗೂಡಿಸಿ, ಇದು ಬರಿಯ ಗದ್ದಲವೆಂದು ತಳ್ಳಿಹಾಕಿದನು. ಗೋಷ್ಠಿ ಮುರಿಯಿತು, ಮೂರನೆಯವನು ಬೇರೆ ದಾರಿ ಹಿಡಿದನು. ಉಳಿದಿಬ್ಬರೂ ವಿಮರ್ಶಕನಿಗೆ ಮರುತ್ತರ ಬರೆಯಲಿಲ್ಲ. ಆತನ ಬೈಗುಳನ್ನೇ ಎತ್ತಿಕೊಂಡು 'ಡಾಫ್ಟ್ ಪಂಕ್' ಎಂದು ತಮಗೆ ತಾವೇ ನಾಮಕರಣ ಮಾಡಿಕೊಂಡರು. ನಿಂದೆಯನ್ನು ಬಿರುದಾಗಿ ಧರಿಸಬಲ್ಲವನಿಗೆ ಕಲಿಯುವ ಯೋಗ್ಯತೆಯುಂಟೆಂದು ತಿಳಿಯಬೇಕು.

ಆ ಮೇಲೆ ಅವರು ಹಿಡಿದ ವಿದ್ಯೆ ಪ್ಯಾರಿಸ್ಸಿನದಲ್ಲ. ಅದರ ತವರು ಅಮೆರಿಕದ ಶಿಕಾಗೋ ನಗರ. ಅಲ್ಲಿನ 'ವೇರ್‌ಹೌಸ್' ಎಂಬ ನರ್ತನಶಾಲೆಯಲ್ಲಿ 1977ರಿಂದ ಫ್ರಾಂಕಿ ನಕಲ್ಸ್ ಎಂಬ ಕಪ್ಪುಜನಾಂಗದ ಕಲಾವಿದನು ಇರುಳೆಲ್ಲ ಮುದ್ರಿಕೆಗಳನ್ನು ಒಂದಕ್ಕೊಂದು ಹೆಣೆದು ಬಾರಿಸುತ್ತಿದ್ದನು. ಆ ಶಾಲೆಯ ಹೆಸರಿನ ತುಣುಕಿನಿಂದಲೇ ಈ ಸಂಗೀತಕ್ಕೆ 'ಹೌಸ್' ಎಂಬ ಹೆಸರು ಬಂದಿತೆಂದು ಹೇಳುವರು. ದೊಡ್ಡ ವಾದ್ಯವೃಂದವನ್ನು ಕೂಡಿಸುವ ಶಕ್ತಿ ಆ ಊರಿನ ತರುಣರಿಗೆ ಇರಲಿಲ್ಲ. ಜಪಾನಿನ ರೋಲೆಂಡ್ ಕಂಪನಿಯು 1980ರ ದಶಕದ ಮೊದಲಲ್ಲಿ ತಯಾರಿಸಿದ ಟಿಬಿ-303 ಎಂಬ ಯಂತ್ರವು ಒಂಟಿ ಗಿಟಾರು ವಾದಕನಿಗೆ ಮಂದ್ರಸ್ವರದ ಸಾಥಿಯಾಗಲೆಂದು ಹುಟ್ಟಿದ್ದಿತು. ಕೊಳ್ಳುವವರಿಲ್ಲದೆ ಹಳೆಯ ಸಾಮಾನಿನ ಅಂಗಡಿಗಳನ್ನು ಸೇರಿತು. ಅದರ ತಿರುಪುಗಳನ್ನು ತಿರುಗಬಾರದಷ್ಟು ತಿರುಗಿಸಿ, ಯಂತ್ರ ಮಾಡಿದವರೇ ಎಣಿಸದ ಕೀರಲು, ಗೊಗ್ಗರು, ನುಲಿದಾಡುವ ನಾದಗಳನ್ನು ಶಿಕಾಗೋದವರು ಹೊರಡಿಸಿದರು. ಟಿಆರ್-909 ಎಂಬ ತಾಳಯಂತ್ರವು ಅದಕ್ಕೆ ಮೃದಂಗವಾಯಿತು. ಒಬ್ಬರು ಕೈಬಿಟ್ಟುದು ಮತ್ತೊಬ್ಬರ ಕೈಯಲ್ಲಿ ವಿದ್ಯೆಯಾಯಿತು.

ಪ್ಯಾರಿಸ್ಸಿನ ಶಿಷ್ಯರು ಈ ಗುರುಗಳನ್ನು ಕಂಡುದು ಮುದ್ರಿಕೆಗಳ ಮೂಲಕ. ಬಂಗಾಲ್ಟೆರನ ಮನೆಯ ಮಲಗುವ ಕೋಣೆಯೇ ಅವರಿಗೆ ಗುರುಕುಲ. 1993ರಲ್ಲಿ ಪ್ಯಾರಿಸ್ಸಿನ ಬಳಿಯ ಯೂರೋ ಡಿಸ್ನಿಯಲ್ಲಿ ನಡೆದ ಒಂದು ನರ್ತನಕೂಟದಲ್ಲಿ ಅವರು ತಮ್ಮ ಅಭ್ಯಾಸದ ಮಾದರಿಯನ್ನು ಸ್ಕಾಟ್‌ಲೆಂಡಿನ ಸ್ಟುವರ್ಟ್ ಮ್ಯಾಕ್‌ಮಿಲನ್ ಎಂಬವನ ಕೈಗಿತ್ತರು. ಗ್ಲಾಸ್ಗೋವಿನ ಸೋಮಾ ಎಂಬ ಸಣ್ಣ ಸಂಸ್ಥೆಯ ಸ್ಥಾಪಕರಲ್ಲಿ ಆತನೊಬ್ಬನು. 1994ರಲ್ಲಿ ಅವರ ಮೊದಲ ಮುದ್ರಿಕೆಯೂ, 1995ರಲ್ಲಿ 'ಡ ಫಂಕ್' ಎಂಬುದೂ ಆ ಸಂಸ್ಥೆಯಿಂದಲೇ ಬಂದುವು. 1996ರಲ್ಲಿ ವರ್ಜಿನ್ ಎಂಬ ದೊಡ್ಡ ಕಂಪನಿಯೊಡನೆ ಒಪ್ಪಂದವಾಯಿತು. ಆದರೆ ಮುದ್ರಿಕೆಗಳ ಒಡೆತನವನ್ನು ಅವರು ಬಿಟ್ಟುಕೊಡಲಿಲ್ಲ. ಮುಖವನ್ನು ತೋರಿಸುವುದಕ್ಕೂ ಒಪ್ಪದೆ, ಪತ್ರಿಕೆಯವರ ಮುಂದೆ ಮುಖವಾಡ ಹಾಕಿಕೊಂಡೇ ನಿಂತರು. ಬಿಡಿಬಿಡಿಯಾಗಿ ಮಾಡುತ್ತ ಹೋದ ಅಭ್ಯಾಸಗಳೇ ಕೂಡಿ ಸಂಪುಟವಾದುದರಿಂದ, ಮನೆಯಲ್ಲಿ ಅಲ್ಪವ್ಯಯದಲ್ಲಿ ಮಾಡಿದುದಕ್ಕೆ ಗೃಹಪಾಠವೆಂದು ಹೆಸರಿಟ್ಟರು.

ಇದು ಸಂಗೀತವೇ ಎಂದು ಕೇಳುವವರು ಇದ್ದೇ ಇರುವರು. ಅವರ ಮಾತನ್ನು ಸುಮ್ಮನೆ ತಳ್ಳಿಹಾಕಬಾರದು. ಇಲ್ಲಿ ಆಲಾಪನೆಯಿಲ್ಲ, ಸಾಹಿತ್ಯವೆಂಬುದು ನಾಮಮಾತ್ರ. 'ಅರೌಂಡ್ ದ ವರ್ಲ್ಡ್' ಎಂಬ ರಚನೆಯಲ್ಲಿರುವುದು ಆ ಮೂರೇ ಶಬ್ದ. ಅವು 144 ಸಲ ಮರಳಿ ಮರಳಿ ಬರುತ್ತವೆ. ಮತ್ತೊಂದು ರಚನೆಯಂತೂ ಸಾಣೆಗಲ್ಲಿಗೆ ಕಬ್ಬಿಣವನ್ನು ಹಿಡಿದಂತಿದ್ದು, ಹಿರಿಯರಿರುವ ಮನೆಯಲ್ಲಿ ನುಡಿಸತಕ್ಕುದಲ್ಲ. ಆದರೂ ಆವರ್ತನವನ್ನು ಬಲ್ಲ ಕಿವಿಗೆ ಇದರ ಗುಟ್ಟು ತಿಳಿಯದಿರದು. ನಾಲ್ಕು ಪೆಟ್ಟಿನ ತಾಳವು ಅಳ್ಳಾಡದೆ ನಿಂತಿರುತ್ತದೆ. ಅದರ ಮೇಲೆ ಒಂದು ನಾದವು ಮುಚ್ಚಿದ ಬಾಗಿಲ ಹಿಂದಿನಿಂದ ಬಂದಂತೆ ಮಬ್ಬಾಗಿ ತೊಡಗಿ, ಎಷ್ಟೋ ಸುತ್ತು ಕಳೆದ ಮೇಲೆ ಬಾಗಿಲು ತೆರೆದಂತೆ ನಿಚ್ಚಳವಾಗುತ್ತದೆ. ಬದಲಾಗದುದರ ನಡುವೆ ಬದಲಾಗುತ್ತಿರುವುದನ್ನು ಆಲಿಸುವುದೇ ಇಲ್ಲಿನ ರಸ. ಮಿಶೆಲ್ ಗೊಂಡ್ರಿ ಎಂಬ ನಿರ್ದೇಶಕನು ಈ ಮೂರು ಶಬ್ದದ ರಚನೆಗೆ ಚಿತ್ರ ತೆಗೆದಾಗ ಒಂದೊಂದು ವಾದ್ಯಕ್ಕೆ ಒಂದೊಂದು ನರ್ತಕರ ತಂಡವನ್ನು ನಿಲ್ಲಿಸಿದನು. ಮಂದ್ರಸ್ವರವು ಏರಿಳಿದಂತೆ ಒಂದು ತಂಡ ಮೆಟ್ಟಿಲನ್ನು ಹತ್ತಿ ಇಳಿಯುವುದು. ತಾಳಯಂತ್ರಕ್ಕೆ ಬಟ್ಟೆ ಸುತ್ತಿದ ಹೆಣದ ವೇಷದವರು ಹೆಜ್ಜೆಯಿಡುವರು. ಕಿವಿಗೆ ಕಲಸಿ ಬಂದುದು ಕಣ್ಣಿಗೆ ಬಿಡಿಸಿ ಕಾಣುತ್ತದೆ.

ಸಂಪುಟದ ಹದಿನಾರು ರಚನೆಗಳಲ್ಲಿ ಮೂರು ನಿಮಿಷವೂ ಇಲ್ಲದ ಒಂದು ಚಿಕ್ಕ ರಚನೆಯುಂಟು. ಅದರ ಹೆಸರು 'ಟೀಚರ್ಸ್', ಎಂದರೆ ಉಪಾಧ್ಯಾಯರು. ಅದರಲ್ಲಿ ಹೇಳಿರುವುದು ಹೆಸರುಗಳನ್ನು, ಮತ್ತೇನೂ ಇಲ್ಲವೆನ್ನಬಹುದು. ಪಾಲ್ ಜಾನ್ಸನ್ ಮೊದಲಾಗಿ ನಾಲ್ವತ್ತರಷ್ಟು ಮಂದಿ. ಬಹುಮಂದಿ ಶಿಕಾಗೋ ನಗರದವರು. ಬಾಲ್ಯದ ರಾಕ್ ದಿನಗಳ ಗುರುವಾದ ಬೀಚ್ ಬಾಯ್ಸ್‌ನ ಬ್ರಯನ್ ವಿಲ್ಸನ್ನನನ್ನೂ ಮರೆತಿಲ್ಲ. ಹೀಗೆ ಹೆಸರು ಕರೆಯುವ ಮಾದರಿಯೂ ಅವರದಲ್ಲ. ಶಿಕಾಗೋದ ಪ್ಯಾರಿಸ್ ಮಿಚೆಲ್ ಎಂಬವನ ರಚನೆಯಿಂದ ಅದನ್ನು ತೆಗೆದುಕೊಂಡರು. ಗುರುಸ್ತುತಿಯ ಧಾಟಿಯೂ ಗುರುವಿನಿಂದಲೇ ಬಂದಿತು.

ಪಾಠಶಾಲೆಯಲ್ಲಿ ಬೃಹದಾರಣ್ಯಕವನ್ನು ಓದಿದವರಿಗೆ ಇದು ಹೊಸತೆನಿಸದು. ಆ ಉಪನಿಷತ್ತಿನಲ್ಲಿ ಬ್ರಹ್ಮವಿದ್ಯೆಯ ಮಹಾಸಂವಾದಗಳು ಮುಗಿದೊಡನೆ, ಮೂರು ಕಡೆಗಳಲ್ಲಿ, ವಂಶವೆಂಬ ಭಾಗವು ಬರುತ್ತದೆ: ಇಂತಹವನು ಇಂತಹವನಿಂದ ಕಲಿತನು, ಅವನು ಮತ್ತೊಬ್ಬನಿಂದ ಎಂದು ಬರಿಯ ಹೆಸರುಗಳ ಸರಣಿ. ಕೊನೆಯ ಸರಣಿಯಲ್ಲಿ ಆಚಾರ್ಯರನ್ನು ತಾಯಂದಿರ ಹೆಸರಿನಿಂದ ಕರೆದಿದೆ. ಎಳೆಯ ವಿದ್ಯಾರ್ಥಿಗಳು ಅದನ್ನು ಆಕಳಿಸುತ್ತ ಒಪ್ಪಿಸುವರು. ವಯಸ್ಸಾದ ಮೇಲೆ ಅದೇ ಭಾಗದಲ್ಲಿ ಗಂಟಲು ಕಟ್ಟುವುದುಂಟು. ಕವಿರಾಜಮಾರ್ಗವು ವಿಮಲ, ಉದಯ, ನಾಗಾರ್ಜುನ ಮೊದಲಾದ ಹಿಂದಿನವರನ್ನು ನೆನೆಯಿತು. ಆ ವಿಮಲೋದಯರ ಕೃತಿಗಳು ಇಂದು ಸಿಕ್ಕುವುದಿಲ್ಲ; ನೆನೆದವನೊಬ್ಬನಿದ್ದುದರಿಂದ ಹೆಸರಾದರೂ ಉಳಿಯಿತು.

ಆದರೆ ಹೆಸರು ಹೇಳಿದ ಮಾತ್ರಕ್ಕೆ ಋಣ ತೀರಿತೆ? ಇಲ್ಲಿಯೇ ಮನಸ್ಸು ಅಳುಕುತ್ತದೆ. ಶಿಕಾಗೋದವರು ಕೊರತೆಯಲ್ಲಿ ಕಂಡುಹಿಡಿದ ವಿದ್ಯೆಯಿಂದ ಲೋಕಖ್ಯಾತಿಯೂ ಧನವೂ ಬಂದುದು ಪ್ಯಾರಿಸ್ಸಿನವರಿಗೆ. ಅವರು ಬಡವರ ಮಕ್ಕಳಲ್ಲ. ಬಂಗಾಲ್ಟೆರನ ತಂದೆ ದಾನಿಯೆಲ್ ವಾಂಗಾರ್ಡ್ ಡಿಸ್ಕೋ ಯುಗದಲ್ಲಿ ಹೆಸರಾದ ಗೀತಕಾರನು. ಆ ಪಟ್ಟಿಯಲ್ಲಿರುವ ಎಷ್ಟೋ ಹೆಸರುಗಳನ್ನು ಮುದ್ರಿಕೆ ಕೊಂಡವರಲ್ಲಿ ಬಹುಮಂದಿ ಅದಕ್ಕೆ ಮೊದಲು ಕೇಳಿದವರಲ್ಲ. ಅನಂತರವೂ ಹುಡುಕಿಕೊಂಡು ಹೋಗಿರಲಾರರು. ಮೊದಲ ಹೆಸರಿನ ಪಾಲ್ ಜಾನ್ಸನ್ ಹದಿಹರೆಯದಲ್ಲಿ ಗುಂಡೇಟು ತಗುಲಿ ಕಾಲಿನ ಶಕ್ತಿಯನ್ನು ಕಳೆದುಕೊಂಡವನು. ತಾನು ಚಕ್ರದ ಕುರ್ಚಿಯಲ್ಲಿ ಕುಳಿತು ಊರನ್ನೆಲ್ಲ ಕುಣಿಸಿದವನು. ಅಂತಹವನ ಋಣವನ್ನು ಒಂದು ಉಚ್ಚಾರಣೆಯಿಂದ ಸಲ್ಲಿಸಿಬಿಟ್ಟೆವೆಂದು ಯಾವ ಶಿಷ್ಯನೂ ಹೇಳಲಾರನು. ಹಿರಿಯರು ಋಷಿಋಣವನ್ನು ಹುಟ್ಟಿನೊಡನೆಯೇ ಬಂದ ಸಾಲವೆಂದುದು ಇದಕ್ಕಾಗಿಯೇ ಇರಬೇಕು. ಅದರ ಅಸಲು ತೀರುವುದಿಲ್ಲ. ಬಡ್ಡಿಯನ್ನಾದರೂ ತಪ್ಪದೆ ಸಲ್ಲಿಸುತ್ತಿರಬೇಕು.

ಡಾಫ್ಟ್ ಪಂಕ್ ಇಬ್ಬರೂ ಆ ಬಡ್ಡಿಯನ್ನು ನಿಲ್ಲಿಸಲಿಲ್ಲವೆಂಬುದೇ ಅವರಿಗೆ ಸಲ್ಲತಕ್ಕ ಮರ್ಯಾದೆ. 2001ರ ಎರಡನೆಯ ಸಂಪುಟದಲ್ಲಿ, ಪಟ್ಟಿಯಲ್ಲಿ ಹೆಸರಿದ್ದ ರೋಮಾಂಥನಿಯನ್ನೂ ಟಾಡ್ ಎಡ್ವರ್ಡ್ಸ್‌ನನ್ನೂ ಕರೆತಂದು ಹಾಡಿಸಿದರು. 2013ರ ಕೊನೆಯ ಸಂಪುಟಕ್ಕೆ ಡಿಸ್ಕೋ ಯುಗದ ಹಿರಿಯರಾದ ನೈಲ್ ರಾಜರ್ಸ್, ಜಾರ್ಜಿಯೊ ಮೊರೊಡರ್ ಇವರನ್ನು ಬರಮಾಡಿಕೊಂಡರು. ಮೊರೊಡರನು ತನ್ನ ಜೀವನವೃತ್ತಾಂತವನ್ನು ತಾನೇ ಹೇಳುವ ಧ್ವನಿಯನ್ನು ಒಂದು ರಚನೆಯೊಳಗೆ ಹಾಗೆಯೇ ಇರಿಸಿದರು. ಆ ಸಂಪುಟಕ್ಕೆ 2014ರಲ್ಲಿ ಅಮೆರಿಕದ ಗ್ರ್ಯಾಮಿ ಪ್ರಶಸ್ತಿ ಬಂದಾಗ ಶಿಷ್ಯರಿಬ್ಬರೂ ಲೋಹದ ಶಿರಸ್ತ್ರಾಣದೊಳಗೆ ಮೌನವಾಗಿ ನಿಂತಿದ್ದರು; ಜೊತೆಗಿದ್ದ ಹಿರಿಯರು ಮಾತನಾಡಿದರು.

2021ರ ಫೆಬ್ರುವರಿಯಲ್ಲಿ ಆ ಇಬ್ಬರೂ ತಮ್ಮ ಜೋಡಿಯನ್ನು ವಿಸರ್ಜಿಸಿದರು. ಅದೇ ವರ್ಷದ ಆಗಸ್ಟಿನಲ್ಲಿ ಪಾಲ್ ಜಾನ್ಸನ್ ಕೊರೋನಾ ರೋಗದಿಂದ ತೀರಿಕೊಂಡನು. ಗುರುವೂ ಇಲ್ಲ, ಶಿಷ್ಯರ ಗೋಷ್ಠಿಯೂ ಇಲ್ಲ. ಗೃಹಪಾಠವು ಉಳಿದಿದೆ. ಲೋಕದ ಯಾವುದೋ ಮನೆಯಲ್ಲಿ ಯಾವನೋ ಹುಡುಗನು ಬಾಗಿಲು ಮುಚ್ಚಿಕೊಂಡು ಅದನ್ನು ಹಚ್ಚಿದಾಗ, ಉಪಾಧ್ಯಾಯರ ಪಟ್ಟಿ ಬಂದೊಡನೆ, ಮೊದಲು ಕೇಳಿಬರುವುದು ಆತನ ಹೆಸರೇ.